ಜೇಡ್ ಬೋನ್ಸಾಯ್: ನಾವು ಮಾರೋದು ಗಿಡ ಅಲ್ಲ, ವರ್ಷ



ಅಂಗೈ ಅಗಲದ ಕುಂಡ, ಅದರಾಗ ನೂರು ವರ್ಷದ ಮರದಂಗ ಕಾಣೋ ಪುಟ್ಟ ಗಿಡ, ಕೆಳಗೆ ಸಾವಿರಾರು ರೂಪಾಯಿ ಬೆಲೆ. ಇಂಥ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರ್ತದೆ. "ಮನೆಯಲ್ಲೇ ಜೇಡ್ ಬೋನ್ಸಾಯ್ ಮಾಡಿ, ತಿಂಗಳಿಗೆ ಲಕ್ಷ ಗಳಿಸಿ" ಅನ್ನೋ ಮಾತೂ ಜೊತೆಗೇ ಬಂದಿರ್ತದೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹುಡುಗರು ಈ ವಿಡಿಯೋ ಕಳಿಸಿ ಕೇಳೋ ಪ್ರಶ್ನೆ ಒಂದೇ: "ಅಣ್ಣಾರ, ಇದು ನಮ್ಮ ಕಡೆ ಆಗ್ತದೇನ್ರಿ?"

ನನ್ನ ಉತ್ತರ ಎರಡು ಭಾಗದ್ದು. ಗಿಡ ಬೆಳೆಯೋದು ಆಗ್ತದೆ, ಚೊಲೋನೇ ಆಗ್ತದೆ. ಮಹಾಕೂಟದ ಸುತ್ತಲಿನ ಬಿಸಿಲು, ಒಣ ಗಾಳಿ, ಮಸಾರಿ ನೆಲ ಈ ಗಿಡಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಆ ಲಕ್ಷದ ಮಾತು ಆಗೋದಲ್ಲ. ಬೋನ್ಸಾಯ್‌ನಲ್ಲಿ ನಾವು ಮಾರೋದು ಗಿಡವನ್ನಲ್ಲ, ಅದರ ಮೇಲೆ ಕಳೆದ ವರ್ಷಗಳನ್ನು. ವರ್ಷವನ್ನು ಸಾಲ ಮಾಡಿ ತರೋಕಾಗಲ್ಲ. ಇದನ್ನು ತಿಳಿದು ಕೈ ಹಾಕಿದವನಿಗೆ ಜೇಡ್ ಒಳ್ಳೆಯ ಉಪಕಸುಬು. ತಿಳಿಯದೆ ದುಡ್ಡು ಸುರಿದವನಿಗೆ ಅದು ಕುಂಡದಲ್ಲಿಟ್ಟ ಸಾಲ.

ನಮ್ಮ ನೆಲಕ್ಕೆ ಯಾಕೆ ಹೊಂದುತ್ತದೆ?

ಜೇಡ್ ಮೂಲತಃ ದಕ್ಷಿಣ ಆಫ್ರಿಕಾದ ಒಣ ಗುಡ್ಡಗಳ ಗಿಡ. ಎಲೆಯಲ್ಲಿ, ಕಾಂಡದಲ್ಲಿ ನೀರು ಕೂಡಿಟ್ಟುಕೊಂಡು ಬದುಕುವ ಜಾತಿ. ಬಹುತೇಕ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಉಸಿರಾಡುತ್ತವೆ, ಆಗಲೇ ನೀರೂ ಆವಿಯಾಗಿ ಹೋಗುತ್ತದೆ. ಜೇಡ್ ಬಿಸಿಲಿನಲ್ಲಿ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದುಕೊಳ್ಳುತ್ತದೆ. ವಿಜ್ಞಾನಿಗಳು ಈ ಕ್ರಮಕ್ಕೆ ಇಟ್ಟಿರುವ ಹೆಸರು ಬಂದದ್ದೇ ಜೇಡ್ ಸೇರಿದ ಕ್ರಾಸುಲೇಸಿ ಕುಟುಂಬದಿಂದ. ವರ್ಷಕ್ಕೆ ಸುಮಾರು 550ರಿಂದ 600 ಮಿ.ಮೀ. ಮಳೆಯ ನಮ್ಮ ಭಾಗದಲ್ಲಿ, ಬೋರ್‌ವೆಲ್ ನೀರನ್ನು ಲೆಕ್ಕ ಹಾಕಿ ಬಿಡೋ ನಮಗೆ, ಇದು ಸಣ್ಣ ವಿಷಯ ಅಲ್ಲ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ಗಿಡ ಬೆಳೆಸೋರಿಗೆ ಮಳೆಗಾಲದ ಕೊಳೆ ದೊಡ್ಡ ತಲೆನೋವು. ನಮಗೆ ಆ ಕಾಟ ಕಡಿಮೆ. ಬೆಂಗಳೂರಿನ ಫ್ಲಾಟ್‌ನಲ್ಲಿ ಬಿಸಿಲು ಸಾಲದೆ ಗಿಡ ಉದ್ದುದ್ದ ಸೊಟ್ಟ ಬೆಳೆಯುತ್ತದೆ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ. ಅಂದ್ರೆ ಪಟ್ಟಣದವರು ದುಡ್ಡು ಕೊಟ್ಟೂ ಪಡೆಯಲಾಗದ ಎರಡು ವಸ್ತು ನಮ್ಮ ಹಿತ್ತಲಲ್ಲಿ ಪುಕ್ಕಟೆ ಬಿದ್ದಿವೆ.

ಯಾವ ಜೇಡ್ ಅಂತ ಮೊದಲು ತಿಳೀರಿ

ನರ್ಸರಿಯಲ್ಲಿ ಜೇಡ್ ಅಂತ ಕೊಡೋದು ಎರಡು ಬೇರೆ ಬೇರೆ ಗಿಡ. ಒಂದು ಕ್ರಾಸುಲಾ ಒವಾಟಾ. ದಪ್ಪ, ಹೊಳೆಯುವ, ಹೆಬ್ಬೆಟ್ಟಿನಷ್ಟೋ ಅದಕ್ಕಿಂತ ದೊಡ್ಡದೋ ಆದ ಎಲೆ, ಹಸಿರು-ಬೂದು ಬಣ್ಣದ ಮೆತ್ತನೆ ಕಾಂಡ. ಇನ್ನೊಂದು ಪೋರ್ಟುಲಕೇರಿಯಾ ಆಫ್ರಾ. ಉಗುರಿನಷ್ಟು ಸಣ್ಣ ಎಲೆ, ಕೆಂಪು-ಕಂದು ಕಾಂಡ. ಮಾರಾಟದಲ್ಲಿ ಇದಕ್ಕೆ ಸಣ್ಣೆಲೆ ಜೇಡ್, ಡ್ವಾರ್ಫ್ ಜೇಡ್ ಅಂತಾರೆ. ಎರಡೂ ದಕ್ಷಿಣ ಆಫ್ರಿಕಾದ ಕಡೆಯವೇ ಆದರೂ ಕುಟುಂಬ ಬೇರೆ.

ಬೋನ್ಸಾಯ್‌ಗೆ ನನ್ನ ಓಟು ಸಣ್ಣೆಲೆ ಜೇಡ್‌ಗೆ. ಗಿಡ ಚಿಕ್ಕದಾದಷ್ಟೂ ಎಲೆಯೂ ಚಿಕ್ಕದಿರಬೇಕು, ಇಲ್ಲದಿದ್ರೆ ಅದು ಮರದಂತೆ ಕಾಣೋದಿಲ್ಲ. ಸಣ್ಣೆಲೆ ಜೇಡ್‌ನ ಗಣ್ಣುಗಳು ಹತ್ತಿರ ಹತ್ತಿರ ಇರುತ್ತವೆ, ಕತ್ತರಿಸಿದಷ್ಟೂ ಕವಲು ಒಡೆಯುತ್ತದೆ, ಕಾಂಡ ಬೇಗ ಮರದ ಬಣ್ಣಕ್ಕೆ ತಿರುಗುತ್ತದೆ. ದೊಡ್ಡೆಲೆ ಜೇಡ್ ಬೇಡ ಅಂತಲ್ಲ. ಒಂದು ಎಲೆ ಮಣ್ಣಿನ ಮೇಲಿಟ್ಟರೂ ಅದು ಚಿಗುರುತ್ತದೆ, ಕಲಿಯೋಕೆ ಸುಲಭ. ಆದರೆ ಅದು ಒಳ್ಳೆ ರೂಪಕ್ಕೆ ಬರಬೇಕಂದ್ರೆ ಗಾತ್ರ ದೊಡ್ಡದಿರಬೇಕು.

ಒಂದು ಎಚ್ಚರಿಕೆ. ಸಣ್ಣೆಲೆ ಜೇಡ್ ಆಫ್ರಿಕಾದಲ್ಲಿ ಆನೆಗಳ ಮೇವು, ಆಡುಗಳಿಗಂತೂ ಪಂಚಪ್ರಾಣ. ನಮ್ಮ ಊರ ಆಡುಗಳು ಬೇರೆಯಲ್ಲ. ಮೂರು ವರ್ಷದ ಶ್ರಮ ಮೂರು ನಿಮಿಷದಲ್ಲಿ ಮೇಯ್ದು ಹೋದೀತು. ಅಟ್ಟಣಿಗೆ ಎತ್ತರಕ್ಕೆ ಕಟ್ಟಿ, ಇಲ್ಲಾ ಮಾಳಿಗೆ ಮೇಲೆ ಇಡ್ರಿ.

ಮಣ್ಣು: ಎರಿ ಬೇಡ

ನಮ್ಮ ಎರಿ ಮಣ್ಣು ಜೋಳಕ್ಕೆ, ಕಡ್ಲಿಗೆ ಬಂಗಾರ. ಜೇಡ್‌ಗೆ ಮಾತ್ರ ವಿಷ. ನೀರು ಹಿಡಿದು ಕೂರುತ್ತದೆ, ಬೇರು ಕೊಳೆಯುತ್ತದೆ. ಬರೀ ತೆಂಗಿನ ನಾರಿನ ಪುಡಿ ತುಂಬಿದ ಕುಂಡವೂ ಹಾಗೇ.

ನಾನು ಹೇಳೋ ಮಿಶ್ರಣಕ್ಕೆ ಪೇಟೆಗೆ ಹೋಗಬೇಕಿಲ್ಲ. ಜರಡಿ ಹಿಡಿದ ಗರಸು ಅಥವಾ ಸಣ್ಣ ಕಲ್ಲುಚೂರು ಎರಡು ಪಾಲು, ಇಟ್ಟಂಗಿ ಚೂರು ಒಂದು ಪಾಲು, ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಅರ್ಧ ಪಾಲು. ಜರಡಿಯಲ್ಲಿ ಕೆಳಗೆ ಬಿದ್ದ ನುಣುಪು ಪುಡಿಯನ್ನು ಬಿಸಾಕ್ರಿ, ಮೇಲೆ ಉಳಿದ ಕಾಳಿನಂಥದ್ದು ಮಾತ್ರ ಬೇಕು. ಪರೀಕ್ಷೆ ಸುಲಭ: ಕುಂಡಕ್ಕೆ ಒಂದು ತಂಬಿಗೆ ನೀರು ಹಾಕಿದ್ರೆ ಕೆಲವೇ ಸೆಕೆಂಡಲ್ಲಿ ತಳದ ತೂತಿಂದ ಹೊರಬರಬೇಕು. ಮೇಲೆ ನಿಂತರೆ ಮಿಶ್ರಣ ಸರಿ ಇಲ್ಲ.

ನೀರಿನ ವಿಷಯದಲ್ಲಿ ದಿನಾ ನೀರು ಹಾಕೋ ಚಟ ಬಿಡ್ರಿ. ಬೆರಳನ್ನು ಎರಡು ಗಣ್ಣಿನಷ್ಟು ಮಣ್ಣೊಳಗೆ ಹಾಕಿ ನೋಡ್ರಿ. ಒಣಗಿದ್ರೆ ತುಂಬ ಹಾಕ್ರಿ, ಹಸಿ ಇದ್ರೆ ಹಾಕಬೇಡ್ರಿ. ಎಲೆ ಸ್ವಲ್ಪ ಸುಕ್ಕಾದ್ರೆ ಗಿಡ ಬಾಯಾರಿದೆ ಅಂತ, ಒಂದು ನೀರಿಗೆ ಸರಿ ಹೋಗ್ತದೆ. ಎಲೆ ಹಳದಿಯಾಗಿ, ಕಾಂಡದ ಬುಡ ಮೆತ್ತಗಾದ್ರೆ ನೀರು ಹೆಚ್ಚಾಗಿದೆ ಅಂತ, ಆಗ ಉಳಿಸೋದು ಕಷ್ಟ. ಬೋರ್ ನೀರು ಉಪ್ಪಾಗಿದ್ರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಅಂಥ ಕುಂಡಗಳನ್ನು ಮೊದಲ ಒಳ್ಳೆ ಮಳೆಗೆ ಹೊರಗಿಟ್ಟು ಉಪ್ಪು ತೊಳೆದು ಹೋಗೋ ಹಂಗ ಮಾಡ್ರಿ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತು ನೆರಳು ಪರದೆ ಬೇಕು.

ಕಡ್ಡಿಯಿಂದ ಶುರು ಮಾಡ್ರಿ

ಪರಿಚಯದವರ ಮನೆಯ ಜೇಡ್ ಗಿಡದಿಂದ ಒಂದು ಗೇಣು ಉದ್ದದ, ಪೆನ್ಸಿಲ್ ದಪ್ಪದ ಕಡ್ಡಿ ಕೇಳಿ ತಗೊಳ್ರಿ. ಕೆಳಗಿನ ಎಲೆ ತೆಗೆದು, ನೆರಳಿನಲ್ಲಿ ಐದಾರು ದಿನ ಹಾಗೇ ಬಿಡ್ರಿ. ಕತ್ತರಿಸಿದ ಜಾಗ ಒಣಗಿ ಪೊರೆ ಕಟ್ಟಬೇಕು. ಹಸಿ ಗಾಯದೊಂದಿಗೆ ನೆಟ್ಟರೆ ಕೊಳೆಯುತ್ತದೆ. ನೆಟ್ಟ ಮೇಲೂ ನಾಲ್ಕೈದು ದಿನ ನೀರು ಬೇಡ. ಮೂರ್ನಾಲ್ಕು ವಾರದಲ್ಲಿ ಬೇರು ಹಿಡಿಯುತ್ತದೆ. ನಮ್ಮ ಕಡೆ ಫೆಬ್ರುವರಿ-ಮಾರ್ಚ್ ಇದಕ್ಕೆ ಒಳ್ಳೆ ಕಾಲ. ಮಳೆಯ ಜೋರು ಇಳಿದ ಮೇಲೆ ಅಕ್ಟೋಬರ್ ಕೊನೆಗೂ ಆಗ್ತದೆ.

ಇಲ್ಲಿ ಹುಡುಗರು ಅವಸರ ಮಾಡ್ತಾರೆ. ಬೇರು ಬಿಟ್ಟ ಕೂಡಲೇ ಚಂದದ ತಟ್ಟೆಗೆ ಹಾಕಿಬಿಡ್ತಾರೆ. ತಟ್ಟೆಗೆ ಹೋದ ಗಿಡದ ಬೊಡ್ಡೆ ಆಮೇಲೆ ದಪ್ಪ ಆಗೋದು ಬಹಳ ನಿಧಾನ. ಮೊದಲ ಎರಡು ವರ್ಷ ದೊಡ್ಡ ಕುಂಡ ಅಥವಾ ಏರುಮಡಿಯ ನೆಲದಲ್ಲಿ ಬಿಟ್ಟು ಬೊಡ್ಡೆ ತುಂಬಿಸ್ರಿ. ಬುಡದ ಹತ್ತಿರದ ಒಂದು ಟೊಂಗೆಯನ್ನು ಕತ್ತರಿಸದೆ ಉದ್ದ ಬೆಳೆಯಲು ಬಿಟ್ರೆ ಆ ಭಾಗದ ಬೊಡ್ಡೆ ದಪ್ಪವಾಗುತ್ತದೆ. ಕೆಲಸ ಮುಗಿದ ಮೇಲೆ ಆ ಟೊಂಗೆ ತೆಗೆದರಾಯ್ತು. ತಟ್ಟೆ ಕೊನೆಯ ಹಂತ.

ತಂತಿಗಿಂತ ಚಾಟ್ನಿ ಮೇಲು

ಬೋನ್ಸಾಯ್ ಅಂದ್ರೆ ತಂತಿ ಸುತ್ತೋದು ಅಂತ ಬಹಳ ಜನರ ಕಲ್ಪನೆ. ಜೇಡ್‌ನ ಕಾಂಡ ನೀರು ತುಂಬಿದ ಮೆತ್ತನೆ ಕಾಂಡ. ಬಿಗಿಯಾಗಿ ತಂತಿ ಸುತ್ತಿದ್ರೆ ಒಳಗೆ ಕಚ್ಚಿಕೊಂಡು ಕಲೆ ಉಳಿಯುತ್ತದೆ, ಬಗ್ಗಿಸಿದ್ರೆ ಟಕ್ ಅಂತ ಮುರಿಯುತ್ತದೆ. ಸಣ್ಣೆಲೆ ಜೇಡ್‌ಗೆ ಸಡಿಲವಾಗಿ ಕೆಲವು ವಾರ ತಂತಿ ಹಾಕಬಹುದು, ಆದರೆ ಕಣ್ಣಿಡಬೇಕು.

ಚೀನಾದ ದಕ್ಷಿಣ ಭಾಗದ ಲಿಂಗ್ನಾನ್ ಪರಂಪರೆಯವರು ತಂತಿಗಿಂತ ಕತ್ತರಿಯನ್ನೇ ನಂಬಿದವರು. ಕತ್ತರಿಸು, ಬೆಳೆಯಲು ಬಿಡು, ಮತ್ತೆ ಕತ್ತರಿಸು, ಇಷ್ಟೇ ಅವರ ಪದ್ಧತಿ. ಇದು ನಮಗೆ ಹೊಸದಲ್ಲ. ದ್ರಾಕ್ಷಿ ತೋಟದ ಚಾಟ್ನಿ ನೋಡಿದ ಬಾಗಲಕೋಟೆ-ವಿಜಯಪುರದ ಹುಡುಗರಿಗೆ ಯಾವ ಕಣ್ಣಿನ ಮೇಲೆ ಕತ್ತರಿಸಿದ್ರೆ ಚಿಗುರು ಯಾವ ಕಡೆ ಬರ್ತದೆ ಅನ್ನೋದು ಕೈಗೆ ಗೊತ್ತಿರ್ತದೆ. ದಾಳಿಂಬೆಗೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಬಹಾರ ಹಿಡಿಯೋ ರೈತನಿಗೆ ಗಿಡಕ್ಕೆ ಯಾವಾಗ ಉಪವಾಸ, ಯಾವಾಗ ಊಟ ಅನ್ನೋ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಆ ವಿದ್ಯೆ ಕೈಯಲ್ಲಿ ಇರೋರು ನಾವು. ವಿಡಿಯೋದವರು ಅಲ್ಲ.

ಜೇಡ್‌ನ ಎಲೆಗಳು ಜೋಡಿ ಜೋಡಿಯಾಗಿ, ಎದುರುಬದುರು ಬರುತ್ತವೆ. ಎಲೆ ಉದುರಿದ ಜಾಗದಲ್ಲಿ ಕಾಂಡದ ಸುತ್ತ ಉಂಗುರದಂಥ ಗುರುತು ಉಳಿಯುತ್ತದೆ. ಆ ಉಂಗುರದ ಸ್ವಲ್ಪ ಮೇಲೆ ಕತ್ತರಿಸಿದ್ರೆ ಅಲ್ಲಿಂದ ಸಾಮಾನ್ಯವಾಗಿ ಎರಡು ಚಿಗುರು ಒಡೆಯುತ್ತವೆ. ಎರಡೂ ಬೇಕಾದ್ರೆ ಕವಲು, ಒಂದನ್ನು ಚಿವುಟಿದ್ರೆ ತಿರುವು. ಒಳಮುಖ ಬೆಳೆಯೋದನ್ನು ತೆಗೀರಿ, ಹೊರಮುಖದ್ದನ್ನು ಉಳಿಸ್ರಿ. ಪ್ರತಿ ಬಾರಿ ಹೊಸ ಚಿಗುರು ನಾಲ್ಕೈದು ಜೋಡಿ ಎಲೆ ಬಿಟ್ಟ ಮೇಲೆ ಒಂದೆರಡು ಜೋಡಿಗೆ ಇಳಿಸ್ರಿ. ಮೂರು ವರ್ಷ ಇದನ್ನೇ ಮಾಡಿದ್ರೆ ಮರದ ರೂಪ ತಾನೇ ಬರ್ತದೆ. ಕತ್ತರಿಸಿದ ತುದಿ ಕೆಳಗಿನ ಉಂಗುರದವರೆಗೆ ಒಣಗಿ ತಾನಾಗಿ ಕಳಚುತ್ತದೆ, ಅದಕ್ಕೆ ಮುಲಾಮು ಹಚ್ಚಬೇಕಿಲ್ಲ.

ಕುಂಡ ಬದಲಾಯಿಸೋದರಲ್ಲೂ ಒಂದು ಮಾತು. ಬೇರೆ ಬೋನ್ಸಾಯ್ ಗಿಡಗಳಿಗೆ ಬೇರು ಕತ್ತರಿಸಿ ನೆಟ್ಟ ಕೂಡಲೇ ನೀರು ಹಾಕ್ತಾರೆ. ಜೇಡ್‌ಗೆ ಇದು ಉಲ್ಟಾ. ಬೇರಿನ ಗಾಯ ಒಣಗಲು ಒಂದು ವಾರ ನೀರಿಲ್ಲದೆ ನೆರಳಿನಲ್ಲಿ ಇಡ್ರಿ.

ಕೀಟಗಳಲ್ಲಿ ಹಿಟ್ಟು ತಿಗಣೆ ಮುಖ್ಯ ಶತ್ರು. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ ತೆಗೀರಿ. ಹೊಲಕ್ಕೆ ಹೊಡೆಯೋ ಔಷಧಿಯ ಉಳಿದದ್ದನ್ನು ಇದಕ್ಕೂ ಹೊಡೆಯೋ ಅಭ್ಯಾಸ ಬೇಡ, ಜೇಡ್ ಎಲೆ ಸುಟ್ಟು ಉದುರಬಹುದು.

ರೂಪಕ್ಕೆ ನಮ್ಮ ಮರಗಳೇ ಗುರು

ಜಪಾನಿನ ಪೈನ್ ಮರದ ಫೋಟೋ ನೋಡಿ ಜೇಡ್‌ಗೆ ಆ ರೂಪ ಕೊಡಲು ಹೋದ್ರೆ ಬರೋದಿಲ್ಲ. ಜೇಡ್‌ನ ಸ್ವಭಾವ ದಪ್ಪ ಬೊಡ್ಡೆ, ಗಿಡ್ಡ ಟೊಂಗೆ, ಗುಂಡು ನೆತ್ತಿ. ಇದಕ್ಕೆ ಸರಿಯಾದ ಮಾದರಿ ಹಾವೇರಿ ಜಿಲ್ಲೆ ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿದೆ. ಅಲ್ಲಿ ದೊಡ್ಡ ಹುಣಸೆ ಅಂತ ಕರೆಯೋ ಮರ ಆಫ್ರಿಕಾ ಮೂಲದ ಬಾವೋಬಾಬ್. ಆನೆಯ ಮೈಯಂಥ ಬೊಡ್ಡೆ, ಮೇಲೆ ಗಿಡ್ಡ ಕೈಗಳಂಥ ಟೊಂಗೆ. ನಿಮ್ಮ ಊರ ಹೊಲದ ಬದುವಿನ ಹಳೇ ಹುಣಸೆ, ಬೇವು ನೋಡ್ರಿ. ಬೊಡ್ಡೆ ನೆಲ ಬಿಡೋವಾಗ ಹೆಂಗ ಅಗಲ ಆಗ್ತದೆ, ಮೊದಲ ಟೊಂಗೆ ಎಷ್ಟು ಎತ್ತರಕ್ಕೆ ಬರ್ತದೆ ಅಂತ ಗಮನಿಸ್ರಿ. ಇದಕ್ಕಿಂತ ದೊಡ್ಡ ಶಾಲೆ ಇಲ್ಲ. ಹೆಚ್ಚು ನೋಡಬೇಕು ಅಂದ್ರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇದೆ.

ಕುಂಡಕ್ಕೂ ದೂರ ಹೋಗಬೇಡ್ರಿ. ನಮ್ಮ ಕುಂಬಾರರಿಗೆ ಹೇಳಿ, ತಳದಲ್ಲಿ ಎರಡು ತೂತಿರೋ ತಗ್ಗು ಮಣ್ಣಿನ ತಟ್ಟೆ ಮಾಡಿಸ್ರಿ. ಇಳಕಲ್ಲಿನ ಗ್ರಾನೈಟ್ ತುಂಡು, ಬಾದಾಮಿಯ ಕೆಂಪು ಕಲ್ಲು ಅಡಿಗಿಟ್ಟರೆ ಗಿಡಕ್ಕೆ ನಮ್ಮ ಊರಿನ ಗುರುತು ಬರ್ತದೆ.

ಗುಡ್ಡದ ಗಿಡಕ್ಕೆ ಕೈ ಹಚ್ಚಬೇಡ್ರಿ

ಈಗ ನನಗೆ ನಿಜವಾಗಿ ಕಳವಳ ಇರೋ ಮಾತು. "ವರ್ಷ ಕಾಯೋದ್ಯಾಕೆ, ಬಂಡೆಯಲ್ಲಿ ಆಗಲೇ ಮುದಿಯಾದ ಬಸರಿ, ಅರಳಿ ಗಿಡ ಅದಾವಲ್ಲ, ಕಿತ್ತು ತಂದ್ರಾಯ್ತು" ಅನ್ನೋ ಯೋಚನೆ ಬೋನ್ಸಾಯ್ ಹುಚ್ಚಿನ ಹಿಂದೆಯೇ ಬರ್ತದೆ. ಜಪಾನಿನಲ್ಲಿ ಬೆಟ್ಟದಿಂದ ಗಿಡ ತರೋ ಸಂಪ್ರದಾಯ ಇದೆ ಅಂತ ವಿಡಿಯೋದಲ್ಲೂ ಹೇಳ್ತಾರೆ.

ನಮ್ಮಲ್ಲಿ ಅರಣ್ಯದಿಂದ ಗಿಡ ಕೀಳೋದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಮಹಾಕೂಟದಿಂದ ಬಾದಾಮಿವರೆಗಿನ ಈ ಮರಳುಗಲ್ಲಿನ ಗುಡ್ಡಗಳಲ್ಲಿ ಮಣ್ಣು ಇರೋದೇ ಬೊಗಸೆಯಷ್ಟು. ಆ ಬೊಗಸೆ ಮಣ್ಣನ್ನು ಹಿಡಿದಿಟ್ಟಿರೋದು ಅಲ್ಲಿನ ಕುರುಚಲು ಗಿಡಗಳ ಬೇರು. ಗುಡ್ಡದ ಮೇಲೆ ಬಿದ್ದ ಮಳೆ ನಿಧಾನವಾಗಿ ಇಂಗಿದ್ರೆ ತಾನೆ ಕೆಳಗಿನ ಒರತೆಗಳಿಗೆ ನೀರು? ಮಹಾಕೂಟದ ವಿಷ್ಣು ಪುಷ್ಕರಣಿ ಒರತೆ ನೀರಿನದು. ಚಾಲುಕ್ಯರ ಕಾಲದಿಂದ ಜನ ಅಲ್ಲಿ ಮಿಂದಿದ್ದಾರೆ. ಮೇಲಿನ ಗುಡ್ಡ ಬೋಳಾಗಿಸಿ ಕೆಳಗಿನ ಹೊಂಡಕ್ಕೆ ಕೈ ಮುಗಿದ್ರೆ ಏನು ಬಂತು? ಜೇಡ್‌ನ ದೊಡ್ಡ ಗುಣವೇ ಇದು: ಅದಕ್ಕೆ ಯಾವ ಗುಡ್ಡವನ್ನೂ ಕೀಳಬೇಕಿಲ್ಲ, ಒಂದು ಕಡ್ಡಿ ಸಾಕು.

ಲೆಕ್ಕ ಹಾಕ್ರಿ, ಸಾಲ ಮಾಡಬೇಡ್ರಿ

2003ರ ಸುಮಾರಿಗೆ ವೆನಿಲಾ ಹಸಿ ಕಾಯಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದಾಗ ಮಲೆನಾಡು, ಕರಾವಳಿಯ ರೈತರು ಬಳ್ಳಿಯ ತುಂಡನ್ನೂ ದುಬಾರಿ ಬೆಲೆಗೆ ಕೊಂಡು ನೆಟ್ಟರು. ಒಂದೆರಡು ವರ್ಷದಲ್ಲಿ ಬೆಲೆ ಕುಸಿಯಿತು. ಆ ಕತೆಯ ಪಾಠ: ಬೆಳೆಗಿಂತ ಸಸಿಯ ವ್ಯಾಪಾರ ಜೋರಾಗಿದ್ರೆ ಎಚ್ಚರ. "ನಮ್ಮ ಹತ್ತಿರ 500 ಗಿಡ ಕೊಳ್ರಿ, ಮೂರು ವರ್ಷದ ನಂತರ ನಾವೇ ವಾಪಸ್ ಕೊಳ್ತೀವಿ" ಅಂತ ಯಾರಾದರೂ ಬಂದ್ರೆ, ಮೂರು ವರ್ಷದ ನಂತರ ಅವರ ಫೋನ್ ನಂಬರ್ ಇರ್ತದಾ ಅಂತ ಯೋಚನೆ ಮಾಡ್ರಿ.

ನನ್ನ ಸಲಹೆ 50 ಕಡ್ಡಿಯಿಂದ ಶುರು. ಹತ್ತು ಸತ್ತವು ಅಂತ ಹಿಡಿಯೋಣ. ಉಳಿದ ನಲವತ್ತರಲ್ಲಿ ಇಪ್ಪತ್ತನ್ನು ಒಂದು ವರ್ಷದ ಸಣ್ಣ ಗಿಡವಾಗಿಯೇ ಮಾರ್ರಿ, ಕುಂಡ-ಪರದೆಯ ಖರ್ಚಿಗೆ ಆಸರೆ ಆಗಲಿ. ಹತ್ತನ್ನು ಮೂರು ವರ್ಷಕ್ಕೆ, ಇನ್ನು ಹತ್ತನ್ನು ಐದು ವರ್ಷ ಮೀರಿ ಇಟ್ಕೊಳ್ರಿ. ಪ್ರತಿ ವರ್ಷ ಚಾಟ್ನಿಯಲ್ಲಿ ಬಿದ್ದ ಕಡ್ಡಿಯಿಂದ ಹೊಸ 50 ಆಗ್ತದೆ. ಐದನೇ ವರ್ಷಕ್ಕೆ ಎಲ್ಲಾ ವಯಸ್ಸಿನ ಗಿಡ ನಿಮ್ಮ ಹತ್ತಿರ ಇರ್ತದೆ, ಸಾಲ ಮಾತ್ರ ಇರೋದಿಲ್ಲ.

ಮಾರಾಟಕ್ಕೆ ಬನಶಂಕರಿ ಜಾತ್ರೆ ಇದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಮಹಾಕೂಟ ನೋಡಲು ಬರೋ ಪ್ರವಾಸಿಗರಿದ್ದಾರೆ. ಆದರೆ ಬಸ್ಸಲ್ಲಿ ಹೋಗೋರು ಭಾರದ ಕುಂಡ ಕೊಳ್ಳೋದಿಲ್ಲ, ಅಂಗೈ ಗಾತ್ರದ್ದು ಇಡ್ರಿ. ದೂರದ ಗಿರಾಕಿಗೆ ಜೇಡ್ ಬಹಳ ಅನುಕೂಲ: ಮಣ್ಣು ಕೊಡವಿ, ಬೇರು ಒಣಗಿಸಿ, ಕಾಗದದಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ರೂ ಒಂದು ವಾರ ತಡೆಯುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಹೋದಾಗ ಅಲಂಕಾರಿಕ ಗಿಡಗಳ ವಿಭಾಗದವರನ್ನು ಮಾತಾಡಿಸ್ರಿ. ನರ್ಸರಿ ಮಾಡೋ ಹಂತಕ್ಕೆ ಬಂದ್ರೆ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ನಿಯಮ ಕೇಳ್ರಿ.

ಒಂದು ಮಾತು ಮಾತ್ರ ಹೇಳಿ ಮಾರಬೇಡ್ರಿ: "ಇದು ಲಕ್ಕಿ ಗಿಡ, ಮನೆಗೆ ದುಡ್ಡು ಬರ್ತದೆ" ಅಂತ. ಇವತ್ತು ಲಕ್ಕಿ ಅಂತ ಕೊಂಡವನು ನಾಳೆ "ಬೋನ್ಸಾಯ್ ಮನೆಗೆ ಅಪಶಕುನ" ಅಂತ ಯಾರೋ ಹೇಳಿದ್ರೆ ಅದನ್ನೇ ಹೊರಗೆ ಬಿಸಾಕ್ತಾನೆ. ಗಿಡ ಕುಳ್ಳ ಮಾಡೋದು ಹಿಂಸೆ ಅನ್ನೋರಿಗೂ ಉತ್ತರ ಇದೆ. ದ್ರಾಕ್ಷಿ, ದಾಳಿಂಬೆಗೆ ವರ್ಷಾ ಚಾಟ್ನಿ ಮಾಡ್ತೀವಿ, ಗಿಡ ಆರೋಗ್ಯವಾಗಿರ್ತದೆ. ಹೊಟ್ಟೆಗೆ ಹಾಕದೆ ಒಣಗಿಸಿದ್ರೆ ಹಿಂಸೆ, ಅಳತೆ ಅರಿತು ಕತ್ತರಿಸಿದ್ರೆ ಅದು ಆರೈಕೆ.

ಮನೆಯ ಹಿರಿಯರು "ತಮ್ಮಾ, ಹೊಲ ಬಿಟ್ಟು ಕುಂಡಕ್ಕ ನೀರು ಹಾಕ್ಕೋತ ಕುಂತಿ?" ಅಂದ್ರೆ ಸಿಟ್ಟಾಗಬೇಡ್ರಿ. ಅವರು ಹೇಳೋದು ಸರಿ. ಹೊಲ ಬಿಟ್ಟು ಇದನ್ನು ಮಾಡಬಾರದು. ವಾರಕ್ಕೆ ಎರಡು-ಮೂರು ತಾಸು ಕೇಳೋ ಕೆಲಸ ಇದು. ಜೋಳ, ಕಡ್ಲಿ, ಉಳ್ಳಾಗಡ್ಡಿ ಮನೆ ನಡೆಸಲಿ, ಜೇಡ್ ಮಾಳಿಗೆ ಮೇಲೆ ತನ್ನಷ್ಟಕ್ಕೆ ವಯಸ್ಸಾಗಲಿ.

ಕೊನೆಗೆ, ನಿಮ್ಮ ಕೈಲಿರೋ ಮೊಬೈಲನ್ನು ವಿಡಿಯೋ ನೋಡೋಕಿಂತ ಒಳ್ಳೆ ಕೆಲಸಕ್ಕೆ ಹಚ್ಚೋ ದಾರಿ. ಕಡ್ಡಿ ನೆಟ್ಟ ದಿನ ಪ್ರತಿ ಗಿಡಕ್ಕೆ ಒಂದು ನಂಬರ್ ಬರೆದು ಫೋಟೋ ತೆಗೀರಿ. ಪ್ರತಿ ಯುಗಾದಿಗೆ ಅದೇ ಜಾಗದಲ್ಲಿ, ಅದೇ ಅಳತೆಪಟ್ಟಿ ಪಕ್ಕದಲ್ಲಿಟ್ಟು ಇನ್ನೊಂದು. ಐದು ವರ್ಷಕ್ಕೆ ಆರು ಫೋಟೋ ಆಗ್ತವೆ. ಗಿರಾಕಿ "ಇಷ್ಟು ಸಣ್ಣ ಗಿಡಕ್ಕೆ ಇಷ್ಟು ರೇಟಾ?" ಅಂದಾಗ ಮಾತಾಡಬೇಡ್ರಿ, ಆ ಆರು ಫೋಟೋ ತೋರಿಸ್ರಿ. ಅವನು ಕೊಳ್ಳುತ್ತಿರೋದು ಏನು ಅಂತ ಅವನಿಗೂ ತಿಳೀತದೆ, ನೀವು ಮಾರಿದ್ದು ಏನು ಅಂತ ನಿಮಗೂ ನೆನಪಿರ್ತದೆ.